ವರದಿ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ: ಚರ್ಮದ ಕ್ಯಾನ್ಸರನ್ನು ಪೂರ್ತಿಯಾಗಿ ತೆಗೆಸಿಕೊಳ್ಳುವ ಬಗೆ

ನನ್ನ ಅಣ್ಣನ ಬಲ ಹೊಳ್ಳೆಯ ಪಕ್ಕ ಕಡಲೆಬೇಳೆಯಷ್ಟು ದೊಡ್ಡ ಕಪ್ಪು ಗುಳ್ಳೆಯೊಂದು ಎದ್ದಿತ್ತು. ಮುಖ ಒರೆಸಿಕೊಂಡಾಗಲೆಲ್ಲ ಟವೆಲಿಗೆ ರಕ್ತ ತಾಗುತ್ತಿತ್ತು. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ರಕ್ತ ಬರುತ್ತಿತ್ತು. ಬೇಲೇಕೇರಿಯಲ್ಲಿ ಯಾಂತ್ರಿಕ ದೋಣಿಯ ತಾಂಡೇಲನಾಗಿ ಮೂವತ್ತು ವರ್ಷ ಬಿಸಿಲಿಗೆ ಮುಖವೊಡ್ಡಿದವನು ಅವನು. ಬಯಾಪ್ಸಿಯಲ್ಲಿ, ಅಂದರೆ ಗುಳ್ಳೆಯ ಚೂರೊಂದನ್ನು ತೆಗೆದು ಪರೀಕ್ಷಿಸಿದಾಗ, ಚರ್ಮದ ಕ್ಯಾನ್ಸರ್ ಎಂದು ಗೊತ್ತಾದಾಗ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ತೆಗೆಸಿಕೊಂಡರೆ ದುಡಿಮೆಗೆ ಅಡ್ಡಿಯಾಗದು ಎಂದು ಲೆಕ್ಕ ಹಾಕಿದ. ಶಸ್ತ್ರಕ್ರಿಯೆ ಆಯಿತು, ಹೊಲಿಗೆ ಬಿಚ್ಚಿದರು, ಗಾಯ ಚೆನ್ನಾಗಿ ಮಾಗಿತು. ಆಗಸ್ಟ್‌ನಲ್ಲಿ ಕಡಲಿಗೆ ಇಳಿದ. ತೆಗೆದ ತುಂಡಿನ ಪರೀಕ್ಷಾ ವರದಿ ಆಸ್ಪತ್ರೆಯ ಕಡತದಲ್ಲೇ ಉಳಿಯಿತು.

ಎರಡು ವರ್ಷಗಳ ನಂತರ ಗಾಯದ ಗುರುತಿನ ಮೇಲ್ತುದಿಯಲ್ಲಿ, ಕಣ್ಣಿನ ಮೂಲೆಯ ಕಡೆಗೆ, ಗಟ್ಟಿಯಾದ ಗಂಟು ಕೈಗೆ ಸಿಕ್ಕಿತು. ಆಗ ಹಳೆಯ ವರದಿಯನ್ನು ತೆಗೆಸಿ ಓದಿದೆ. ತುಂಡಿನ ಆಳದ ಅಂಚಿನವರೆಗೂ ಕ್ಯಾನ್ಸರ್ ಕೋಶಗಳಿವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎರಡು ವರ್ಷ ಆ ಸಾಲನ್ನು ಯಾರೂ ಓದಿರಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ, ಇಂಥವೇ ತುಂಡುಗಳನ್ನು ದಿನವೂ ಡಬ್ಬಿಗೆ ಹಾಕಿ ಚೀಟಿ ಅಂಟಿಸುತ್ತಿದ್ದ ನಾನು, ಬೇರೆ ಊರಿನ ಆಸ್ಪತ್ರೆಯಲ್ಲಿದ್ದುಕೊಂಡು, ‘ಅಣ್ಣಾ, ವರದಿ ಏನು ಬಂತು?’ ಎಂದು ಫೋನಿನಲ್ಲಿ ಒಂದು ಮಾತು ಕೇಳಿರಲಿಲ್ಲ. ಇದನ್ನು ಬರೆಯುವುದಕ್ಕೆ ಆ ಸಂಕಟವೇ ಕಾರಣ.

ಚರ್ಮದ ಕ್ಯಾನ್ಸರನ್ನು ಬೇಗ ಗುರುತಿಸಿ ಪೂರ್ತಿಯಾಗಿ ಕತ್ತರಿಸಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಆದರೆ ಪೂರ್ತಿಯಾಗಿ ಹೋಗುವುದು ಸರ್ಜನ್ನರ ಕೈಚಳಕವೊಂದನ್ನೇ ನಂಬಿಕೊಂಡಿಲ್ಲ. ರೋಗದ ಜಾತಿ, ಅದು ಎದ್ದ ಜಾಗ, ಅದರ ಗಾತ್ರ, ಹಿಂದೆ ಅದಕ್ಕೆ ಏನು ಹಚ್ಚಿದ್ದೀರಿ, ತುಂಡನ್ನು ಹೇಗೆ ಕಳಿಸಿದರು, ವರದಿಯನ್ನು ಯಾರು ಓದಿದರು ಎಂಬುದೆಲ್ಲವೂ ಸೇರುತ್ತದೆ. ಇವುಗಳಲ್ಲಿ ಅರ್ಧದಷ್ಟು ಮನೆಯವರ ಕೈಯಲ್ಲೇ ಇದೆ.

ಮೊದಲು ಯಾವುದೆಂದು ತಿಳಿಯಿರಿ

ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು. ಬೇಸಲ್ ಸೆಲ್ ಕಾರ್ಸಿನೋಮಾ ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹೋಗುವುದು ತೀರ ಅಪರೂಪ, ಆದರೆ ಇದ್ದಲ್ಲೇ ಮೂಗು, ರೆಪ್ಪೆ, ಕಿವಿಯನ್ನು ಕೊರೆಯುತ್ತಾ ಹೋಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಅದು ಅನೇಕ ಸಲ ಕಪ್ಪಾಗಿರುತ್ತದೆ, ಹಾಗಾಗಿ ಮಚ್ಚೆಯೆಂದು ಸುಮ್ಮನಾಗುತ್ತೇವೆ. ಅಣ್ಣನದು ಇದೇ. ಎರಡನೆಯದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಇದು ಕುತ್ತಿಗೆ, ಕಂಕುಳು, ತೊಡೆಸಂದಿನ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಲ್ಲದು. ಇದಕ್ಕೆ ಬಿಸಿಲಷ್ಟೇ ಕಾರಣವಲ್ಲ. ವರ್ಷಗಟ್ಟಲೆ ಮಾಗದ ಹುಣ್ಣಿನಲ್ಲಿ, ಹಳೆಯ ಸುಟ್ಟ ಕಲೆಯಲ್ಲಿ ಇದು ಹುಟ್ಟುತ್ತದೆ. ಘಟ್ಟದ ಮೇಲಿನ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲೆಮನೆಯ ಕೊಪ್ಪರಿಗೆಯ ಹತ್ತಿರ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಚಿಕ್ಕಂದಿನಲ್ಲಿ ಸುಟ್ಟುಕೊಂಡ ಕಲೆ ಕಾಲಿನ ಮೇಲೆ, ಮೊಣಕೈಯಲ್ಲಿ ಇದೆಯೇ? ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ಆ ಕಲೆ ಈಗ ಒಡೆದು, ಅಂಚು ಎತ್ತರಿಸಿಕೊಂಡು, ವಾಸನೆ ಬರುತ್ತಿದ್ದರೆ ಮುಲಾಮು ಹಚ್ಚುತ್ತಾ ಕಾಯಬೇಡಿ. ಬಯಾಪ್ಸಿ ಮಾಡಿಸಿ.

ಮೂರನೆಯದು ಮೆಲನೋಮಾ. ಮೂರರಲ್ಲಿ ಹೆಚ್ಚು ಅಪಾಯದ್ದು ಇದು. ನಮ್ಮವರಲ್ಲಿ ಇದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಅದನ್ನು ಆಣಿ ಎಂದೋ ಮುಳ್ಳು ಮುರಿದದ್ದೆಂದೋ ತಿಳಿದು ಬ್ಲೇಡಿನಿಂದ ಕೆತ್ತುತ್ತಾರೆ. ಕೆತ್ತಬೇಡಿ.

ಸುಡುವುದು ಇನ್ನೂ ಕೆಟ್ಟದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ, ಸುಣ್ಣ ಮತ್ತು ಸೋಡಾ, ಊರಲ್ಲಿ ಯಾರೋ ಕೊಟ್ಟ ಲೇಪ ಹಚ್ಚಿ ಮೇಲಿನ ಗುಳ್ಳೆ ಉದುರಿತೆಂದು ಸಮಾಧಾನಪಟ್ಟವರನ್ನು ಎಷ್ಟೋ ಮಂದಿ ನೋಡಿದ್ದೇನೆ. ಮೇಲಿನದು ಉದುರುತ್ತದೆ, ಕೆಳಗಿನದು ಉಳಿಯುತ್ತದೆ, ನಡುವೆ ಕಲೆಯ ಅಂಗಾಂಶ ಬೆಳೆಯುತ್ತದೆ. ಆಮೇಲೆ ಕತ್ತರಿಸಲು ಕುಳಿತ ಸರ್ಜನ್ನರಿಗೆ ರೋಗ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು ಎಂಬುದೇ ಕಾಣುವುದಿಲ್ಲ. ಹಾಗೆ ಏನಾದರೂ ಹಚ್ಚಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಮುಚ್ಚಿಟ್ಟರೆ ನಷ್ಟ ನಿಮಗೇ.

ಬಯಾಪ್ಸಿಗೆ ಮೊದಲು ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ಆ ಗಾಯದ ಫೋಟೊ ತೆಗೆಯಿರಿ. ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಇನ್ನೊಂದು ದೂರದಿಂದ, ಮೂಗು, ಕಿವಿ, ಕಣ್ಣು ಎಲ್ಲವೂ ಕಾಣುವಂತೆ. ಚಿಕ್ಕ ಗಾಯವಾದರೆ ಬಯಾಪ್ಸಿ ಆದ ಮೂರ್ನಾಲ್ಕು ವಾರಗಳಲ್ಲಿ ಎಷ್ಟು ಚೆನ್ನಾಗಿ ಮಾಗುತ್ತದೆಂದರೆ ಶಸ್ತ್ರಕ್ರಿಯೆಯ ದಿನ ಅದು ಎಲ್ಲಿತ್ತೆಂದು ರೋಗಿಗೂ ಗೊತ್ತಾಗುವುದಿಲ್ಲ. ಮುಖದ ಮೇಲೆ ಮೊದಲೇ ನಾಲ್ಕಾರು ಮಚ್ಚೆ ಇರುವವರಲ್ಲಿ ತಪ್ಪು ಜಾಗ ಕತ್ತರಿಸುವ ಅಪಾಯವೂ ಇದೆ.

ಎಲ್ಲಿ ಮಾಡಿಸುವುದು

ಬೆನ್ನು, ತೋಳು, ಹೊಟ್ಟೆಯ ಮೇಲಿನ ಚಿಕ್ಕ, ಅಂಚು ಸ್ಪಷ್ಟವಾಗಿರುವ ಗಡ್ಡೆಯನ್ನು ಅನುಭವವುಳ್ಳ ಯಾವ ಸರ್ಜನ್ನರಾದರೂ ಸರಿಯಾಗಿ ತೆಗೆಯಬಲ್ಲರು. ಅದಕ್ಕಾಗಿ ದೂರ ಅಲೆಯಬೇಕಿಲ್ಲ. ಆದರೆ ಮೂಗು, ರೆಪ್ಪೆ, ಕಣ್ಣಿನ ಮೂಲೆ, ಕಿವಿ, ತುಟಿಯ ಮೇಲಿನದ್ದು ಬೇರೆ ಮಾತು. ಅಲ್ಲಿ ಬಿಟ್ಟುಕೊಡಲು ಹೆಚ್ಚುವರಿ ಚರ್ಮವಿಲ್ಲ. ಒಂದು ಮಿಲಿಮೀಟರ್ ಹೆಚ್ಚು ತೆಗೆಯಲೂ ಕೈ ಹಿಂಜರಿಯುತ್ತದೆ. ಅಪೂರ್ಣವಾಗಿ ತೆಗೆದ ಪ್ರಕರಣಗಳು ಹೆಚ್ಚಾಗಿ ಈ ಜಾಗಗಳವೇ. ಎರಡು ಸೆಂಟಿಮೀಟರಿಗಿಂತ ದೊಡ್ಡದು, ಒಮ್ಮೆ ತೆಗೆದು ಮತ್ತೆ ಬಂದದ್ದು, ಅಂಚು ಮಸುಕಾಗಿ ಚರ್ಮದೊಳಗೆ ಕಲೆಸಿಹೋದಂತಿರುವುದು, ಬಯಾಪ್ಸಿಯಲ್ಲಿ ‘ಇನ್‌ಫಿಲ್ಟ್ರೇಟಿವ್’, ‘ಮಾರ್ಫಿಯಾ’ ಅಥವಾ ‘ಪೆರಿನ್ಯೂರಲ್’ ಎಂಬ ಪದ ಇರುವುದು, ಇಂಥವನ್ನು ಪ್ಲಾಸ್ಟಿಕ್ ಸರ್ಜನ್ ಅಥವಾ ಕ್ಯಾನ್ಸರ್ ಸರ್ಜನ್ ಇರುವ ಕಡೆಗೇ ಒಯ್ಯಿರಿ. ಮೊದಲೆರಡು ಪದಗಳ ಅರ್ಥ, ಕಣ್ಣಿಗೆ ಕಾಣುವುದಕ್ಕಿಂತ ದೂರ ರೋಗ ಬೇರು ಬಿಟ್ಟಿದೆ ಎಂದು. ಮೂರನೆಯದರ ಅರ್ಥ, ನರದ ಹಾದಿ ಹಿಡಿದಿದೆ ಎಂದು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುತ್ತಾರೆ, ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಹೋಗುತ್ತಾರೆ, ಕರಾವಳಿ ಹಿಡಿದು ಮಣಿಪಾಲಕ್ಕೆ ಇಳಿಯುತ್ತಾರೆ, ಗಡಿ ದಾಟಿ ಗೋವಾದ ಬಾಂಬೋಲಿಗೂ ಹೋಗುತ್ತಾರೆ. ಊರು ಯಾವುದೇ ಇರಲಿ, ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ತುಂಡಿನ ಅಂಚು ಪರೀಕ್ಷಿಸುವ ಪೆಥಾಲಜಿ ವಿಭಾಗ ಇಲ್ಲೇ ಇದೆಯೇ? ವರದಿ ಎಷ್ಟು ದಿನಕ್ಕೆ ಬರುತ್ತದೆ? ಅಂಚಿನಲ್ಲಿ ರೋಗ ಉಳಿದಿದ್ದರೆ ಮುಂದೆ ಯಾರು ಮಾಡುತ್ತಾರೆ? ಸರಳವಾದ ಪ್ರಶ್ನೆಗಳು. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬಿಪಿಎಲ್ ಪಡಿತರ ಚೀಟಿ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬರೆಸಿಕೊಂಡೇ ಹೊರಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ಮುಚ್ಚಿಡಲೂಬಾರದು. ಸಕ್ಕರೆ ಕಾಯಿಲೆ, ಮೂತ್ರಪಿಂಡ ಕಸಿಯ ನಂತರದ ಮಾತ್ರೆ, ಎಲ್ಲವನ್ನೂ ಚೀಟಿ ಸಮೇತ ತೋರಿಸಿ.

ಮೇಜಿನ ಮೇಲೆ ನಡೆಯುವುದು

ಇದು ನಾನು ಕಣ್ಣಾರೆ ಕಂಡ ಲೋಕ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸರ್ಜನ್ನರು ಒಳ್ಳೆಯ ಬೆಳಕಿನಲ್ಲಿ, ಚರ್ಮವನ್ನು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದು, ಗಡ್ಡೆಯ ಕಾಣುವ ಅಂಚನ್ನು ಮೊದಲು ಗುರುತು ಮಾಡುತ್ತಾರೆ. ಅದರ ಸುತ್ತ ಅಳತೆ ಇಟ್ಟು ಇನ್ನೊಂದು ಗೆರೆ ಎಳೆಯುತ್ತಾರೆ. ಕತ್ತರಿಸುವುದು ಆ ಹೊರಗೆರೆಯಲ್ಲಿ. ಎರಡು ಗೆರೆಗಳ ನಡುವಿನದ್ದು ಕಣ್ಣಿಗೆ ಆರೋಗ್ಯವಾಗಿ ಕಾಣುವ ಚರ್ಮ. ಅದನ್ನು ಯಾಕೆ ತೆಗೆಯಬೇಕು ಎಂದು ಮನೆಯವರು ಕೇಳುತ್ತಾರೆ. ಗದ್ದೆಯಲ್ಲಿ ಕರಿಕೆ ಕೀಳುವಾಗ ಹುಲ್ಲು ಕಂಡಷ್ಟೇ ಕಿತ್ತರೆ ಏನಾಗುತ್ತದೆಂದು ನಿಮಗೆ ಗೊತ್ತು. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ, ಅಂಚು ಸ್ಪಷ್ಟವಿರುವ ಬೇಸಲ್ ಸೆಲ್ ಗಡ್ಡೆಗೆ ಸುಮಾರು 4 ಮಿಲಿಮೀಟರ್ ಹೆಚ್ಚುವರಿ ಸಾಕಾಗುತ್ತದೆ. ಸ್ಕ್ವೇಮಸ್ ಸೆಲ್‌ಗೆ 4ರಿಂದ 6 ಮಿಲಿಮೀಟರ್, ಅಪಾಯ ಹೆಚ್ಚಿದ್ದರೆ ಅದಕ್ಕೂ ಮೇಲೆ. ಮೆಲನೋಮಾದಲ್ಲಿ ಅದು ಎಷ್ಟು ದಪ್ಪ ಇಳಿದಿದೆ ಎಂಬುದರ ಮೇಲೆ ಲೆಕ್ಕ, ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್. ಆ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುವ ಕ್ರಮವನ್ನು ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟರು. ಇಂದಿಗೂ ವರದಿಯಲ್ಲಿ ಅವರ ಹೆಸರೇ ಇರುತ್ತದೆ.

ಗೆರೆ ಎಳೆಯುವುದು ಮರಗಟ್ಟಿಸುವ ಇಂಜೆಕ್ಷನ್‌ಗೆ ಮೊದಲು. ಔಷಧ ಒಳಗೆ ಹೋದ ಕೂಡಲೇ ಚರ್ಮ ಉಬ್ಬುತ್ತದೆ. ಅದರಲ್ಲಿ ಅಡ್ರಿನಲಿನ್ ಇದ್ದರೆ ಬಿಳಿಚಿಕೊಳ್ಳುತ್ತದೆ. ಮಸುಕಾದ ಅಂಚು ಆಗ ಮಾಯವಾಗುತ್ತದೆ. ಹಾಗೆಯೇ ಸ್ಪಿರಿಟ್ ಹಚ್ಚಿ ಶುದ್ಧಗೊಳಿಸುವಾಗ ಗೆರೆ ಅಳಿಸಿಹೋಗುವುದುಂಟು. ನಾನು ಹೊಸ ನರ್ಸ್‌ಗಳಿಗೆ ಹೇಳುತ್ತಿದ್ದೆ, ಗೆರೆ ಮಸುಕಾದದ್ದು ಕಂಡರೆ ಬಾಯಿ ಬಿಟ್ಟು ಹೇಳಿ, ಸುಮ್ಮನಿರಬೇಡಿ ಎಂದು.

ಸುತ್ತಳತೆಯಷ್ಟೇ ಮುಖ್ಯ ಆಳ. ಚರ್ಮದ ಕೆಳಗಿನ ಕೊಬ್ಬಿನ ಪದರದವರೆಗೆ ತುಂಡು ಬರಬೇಕು. ಮೂಗಿನ ಮೇಲೆ, ಕಿವಿಯ ಮೇಲೆ ಕೊಬ್ಬು ತೀರ ತೆಳು, ಕೆಳಗೆ ಕೂಡಲೇ ಮೃದ್ವಸ್ಥಿ. ಅಣ್ಣನಲ್ಲಿ ಉಳಿದದ್ದು ಪಕ್ಕದಲ್ಲಲ್ಲ, ತಳದಲ್ಲಿ.

ಇಲ್ಲಿ ಮನೆಯವರ ಪಾಲಿನ ತಪ್ಪನ್ನೂ ಹೇಳಬೇಕು. ‘ಡಾಕ್ಟ್ರೇ, ಮುಖ ಅಲ್ಲವೇ, ಆದಷ್ಟು ಚಿಕ್ಕದಾಗಿ ತೆಗೆಯಿರಿ’ ಎಂದು ಅತ್ತಿಗೆ ಕೈಮುಗಿದು ಕೇಳಿಕೊಂಡಿದ್ದಳಂತೆ. ಅವಳ ಪ್ರೀತಿಯನ್ನು ನಾನು ದೂರುವುದಿಲ್ಲ. ಆದರೆ ಆ ಮಾತು ಕತ್ತರಿ ಹಿಡಿದ ಕೈಯನ್ನು ಒಳಕ್ಕೆ ತಳ್ಳುತ್ತದೆ. ‘ಕಲೆ ದೊಡ್ಡದಾದರೂ ಆಗಲಿ, ರೋಗ ಉಳಿಯದಂತೆ ತೆಗೆಯಿರಿ’ ಎಂದು ಹೇಳಿ. ಬಾಯಿಮಾತಿನಲ್ಲೇ ಹೇಳಿ, ವೈದ್ಯರಿಗೆ ಅದು ದೊಡ್ಡ ಬಲ.

ತುಂಡು ಹೊರಬಂದ ಮೇಲೆ ಅದರ ಒಂದು ತುದಿಗೆ ದಾರದ ಹೊಲಿಗೆ ಹಾಕುತ್ತಾರೆ. ಮೇಲ್ಭಾಗಕ್ಕೆ ಗಿಡ್ಡ ದಾರ, ಪಕ್ಕಕ್ಕೆ ಉದ್ದ ದಾರ, ಹೀಗೆ ಏನಾದರೊಂದು ಕ್ರಮ. ಪರೀಕ್ಷೆಯಲ್ಲಿ ಒಂದು ಅಂಚಿನಲ್ಲಿ ರೋಗ ಕಂಡರೆ ಅದು ಕಣ್ಣಿನ ಕಡೆಯದೋ ಕೆನ್ನೆಯ ಕಡೆಯದೋ ಎಂದು ತಿಳಿಯುವುದು ಆ ದಾರದಿಂದ. ದಾರವಿಲ್ಲದ ತುಂಡಿನಲ್ಲಿ ರೋಗ ಉಳಿದರೆ ಸುತ್ತಲೂ ಮತ್ತೆ ಕತ್ತರಿಸಬೇಕಾಗುತ್ತದೆ.

ಸಣ್ಣ ಊರುಗಳಲ್ಲಿ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಒಯ್ಯಲು ಹೇಳುತ್ತಾರೆ. ಶಿರಸಿಯಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವರು ಇದನ್ನು ಓದುತ್ತಿರಬಹುದು. ಡಬ್ಬಿಯಲ್ಲಿರುವ ನೀರಿನಂಥದ್ದು ಫಾರ್ಮಲಿನ್, ತುಂಡು ಕೆಡದಂತೆ ಕಾಯುವ ದ್ರವ. ತುಂಡಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ಅದನ್ನು ಚೆಲ್ಲಬೇಡಿ, ನೀರು ಬೆರೆಸಬೇಡಿ, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಬೇಡಿ, ಬಿಸಿಲಿನಲ್ಲಿ ಬಿಡಬೇಡಿ, ಮುಚ್ಚಳ ತೆಗೆದು ಮೂಸಬೇಡಿ. ಹೆಸರಿನ ಚೀಟಿ ಡಬ್ಬಿಯ ಮೈಮೇಲೆ ಇರಬೇಕು. ಮುಚ್ಚಳದ ಮೇಲಿದ್ದರೆ ಲ್ಯಾಬಿನಲ್ಲಿ ಮುಚ್ಚಳಗಳು ಅದಲು ಬದಲಾದಾಗ ಹೆಸರೂ ಬದಲಾಗುತ್ತದೆ. ಎರಡು ಗಾಯ ತೆಗೆದಿದ್ದರೆ ಎರಡು ಡಬ್ಬಿ. ಜೊತೆಗಿರುವ ಕಾಗದದಲ್ಲಿ ಯಾವ ಜಾಗ, ದಾರ ಯಾವ ಕಡೆ, ಹಿಂದೆ ಒಮ್ಮೆ ತೆಗೆದದ್ದೇ, ಸುಟ್ಟ ಕಲೆಯ ಮೇಲಿನದೇ ಎಂಬುದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಬರೆಸಿಕೊಳ್ಳಿ. ಪೆಥಾಲಜಿ ವೈದ್ಯರು ರೋಗಿಯ ಮುಖ ನೋಡಿರುವುದಿಲ್ಲ, ಆ ಕಾಗದವೊಂದೇ ಅವರಿಗೆ ಆಧಾರ.

ವರದಿ ಓದುವುದು

ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ವರದಿ ಬರುತ್ತದೆ. ಇಂಗ್ಲಿಷಿನಲ್ಲಿರುತ್ತದೆ. ‘ಮಾರ್ಜಿನ್’ ಎಂಬ ಪದವನ್ನು ಹುಡುಕಿ. ‘ಫ್ರೀ’ ಅಥವಾ ‘ನೆಗೆಟಿವ್’ ಎಂದಿದ್ದರೆ ನೋಡಿದ ಅಂಚಿನಲ್ಲಿ ರೋಗವಿಲ್ಲ. ‘ಇನ್ವಾಲ್ವ್ಡ್’ ಅಥವಾ ‘ಪಾಸಿಟಿವ್’ ಎಂದಿದ್ದರೆ ಇದೆ. ಇಲ್ಲಿ ‘ನೆಗೆಟಿವ್’ ಎಂಬುದೇ ಶುಭವಾರ್ತೆ. ಸುತ್ತಲಿನ ಅಂಚು ಮತ್ತು ಆಳದ ಅಂಚು ಎರಡರ ಬಗ್ಗೆಯೂ ಬರೆದಿರಬೇಕು. ಒಂದರದ್ದೇ ಇದ್ದರೆ ಇನ್ನೊಂದು ಏನಾಯಿತೆಂದು ಕೇಳಿ. ರೋಗ ಅಂಚಿನಿಂದ ಎಷ್ಟು ಮಿಲಿಮೀಟರ್ ದೂರವಿದೆ ಎಂಬ ಸಂಖ್ಯೆಯೂ ಇರಬಹುದು. ಸರ್ಜನ್ನರು 4 ಬಿಟ್ಟೆ ಎಂದಿದ್ದರು, ವರದಿಯಲ್ಲಿ ಕಡಿಮೆ ಇದೆ ಎಂದು ಗಾಬರಿಯಾಗಬೇಡಿ. ಕತ್ತರಿಸಿದ ಚರ್ಮ ಕುಗ್ಗುತ್ತದೆ, ಫಾರ್ಮಲಿನ್‌ನಲ್ಲಿ ಇನ್ನಷ್ಟು ಕುಗ್ಗುತ್ತದೆ.

‘ಫ್ರೀ’ ಎಂದಿದ್ದರೂ ಕಣ್ಣಿಡಬೇಕು, ಯಾಕೆಂದು ಹೇಳುತ್ತೇನೆ. ಇಸವಣ ಮೀನನ್ನು ಅಡ್ಡಡ್ಡ ತುಂಡು ಮಾಡುವುದನ್ನು ನೆನೆಸಿಕೊಳ್ಳಿ. ಪೆಥಾಲಜಿಯಲ್ಲಿಯೂ ತೆಗೆದ ಚರ್ಮವನ್ನು ಹಾಗೆಯೇ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದು ಬಿಲ್ಲೆಯಿಂದ ಕೂದಲಿಗಿಂತ ತೆಳುವಾದ ಪದರ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೊಯ್ದ ಮುಖ ಕಾಣುತ್ತದೆ, ಎರಡು ಕೊಯ್ತಗಳ ನಡುವಿನ ಅಂಚು ಕಾಣುವುದಿಲ್ಲ. ಹೀಗೆ ನೋಡಿದಾಗ ಇಡೀ ಅಂಚಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕಣ್ಣಿಗೆ ಬೀಳುತ್ತದೆ. ಅಂಚು ನೇರವಾಗಿರುವ ಗಡ್ಡೆಗೆ ಇದು ಸಾಕು. ಬೆರಳು ಚಾಚಿದಂತೆ ಬೆಳೆಯುವ ಗಡ್ಡೆಯಲ್ಲಿ ಒಂದು ಬೆರಳು ತಪ್ಪಿಸಿಕೊಳ್ಳಬಹುದು.

ಈ ಕೊರತೆಗೆ ಉತ್ತರವಾಗಿ 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಸ್ ಒಂದು ಕ್ರಮ ಕಂಡುಹಿಡಿದರು. ಈಗ ನಡೆಯುವ ರೀತಿ ಹೀಗೆ: ಬಟ್ಟಲಿನಾಕಾರದ ತುಂಡನ್ನು ಒತ್ತಿ ಚಪ್ಪಟೆ ಮಾಡಿ, ಅದರ ತಳ ಮತ್ತು ಸುತ್ತಂಚು ಪೂರ್ತಿ ಒಂದೇ ಪದರದಲ್ಲಿ ಕಾಣುವಂತೆ ಹೆಪ್ಪುಗಟ್ಟಿಸಿ ಕೊಯ್ಯುತ್ತಾರೆ. ಎಲ್ಲಿ ರೋಗ ಉಳಿದಿದೆಯೋ ಅಲ್ಲಿಂದ ಮಾತ್ರ ಇನ್ನೊಂದು ಪದರ ತೆಗೆಯುತ್ತಾರೆ, ರೋಗಿ ಅಲ್ಲೇ ಕಾಯುತ್ತಿರುತ್ತಾನೆ. ನಮ್ಮ ದೇಶದಲ್ಲಿ ಇದನ್ನು ಮಾಡುವ ಕಡೆಗಳು ಕೆಲವೇ. ಕಣ್ಣು ಮೂಗಿನ ಹತ್ತಿರದ, ಮರುಕಳಿಸಿದ ಗಡ್ಡೆಯಾದರೆ ವೈದ್ಯರ ಬಳಿ ‘ಮೋಸ್ ಶಸ್ತ್ರಕ್ರಿಯೆ’ ಎಂದು ಇದರ ಹೆಸರೆತ್ತಿ ವಿಚಾರಿಸುವುದು ಒಳ್ಳೆಯದು.

ಅದು ಸಿಗದ ಕಡೆ ಇನ್ನೊಂದು ದಾರಿಯಿದೆ, ಅಣ್ಣನಿಗೆ ಎರಡನೆಯ ಸಲ ಮಾಡಿದ್ದು ಅದನ್ನೇ. ಗಡ್ಡೆ ತೆಗೆದ ದಿನ ಗಾಯವನ್ನು ಮುಚ್ಚಲಿಲ್ಲ. ಔಷಧದ ಪಟ್ಟಿ ಕಟ್ಟಿ ವರದಿಗೆ ಕಾದರು. ತೆರೆದ ಗಾಯ ನೋಡಿ ಅತ್ತಿಗೆ ಹೆದರಿದಳು, ನಾನು ದಿನವೂ ಪಟ್ಟಿ ಬದಲಿಸಿದೆ. ವರದಿಯಲ್ಲಿ ಕಣ್ಣಿನ ಕಡೆಯ ಒಂದು ಅಂಚು ಇನ್ನೂ ಪಾಸಿಟಿವ್. ದಾರ ಇದ್ದುದರಿಂದ ಆ ಒಂದು ಬದಿಯನ್ನು ಮಾತ್ರ ಮತ್ತೆ ತೆಗೆದರು. ಎರಡನೆಯ ವರದಿ ಶುದ್ಧವಾಗಿ ಬಂದ ಮೇಲೆಯೇ ಹಣೆಯ ಚರ್ಮವನ್ನು ತಿರುಗಿಸಿ ತಂದು ಮೂಗಿಗೆ ಜೋಡಿಸಿದರು. ಮೂರು ವಾರ ಆ ಚರ್ಮದ ಸೇತುವೆ ಹುಬ್ಬುಗಳ ನಡುವೆ ಇತ್ತು, ಆಮೇಲೆ ಕತ್ತರಿಸಿದರು. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ವಿದ್ಯೆ ನಮ್ಮ ನೆಲದ್ದೇ. ಪುಣೆಯ ಕಡೆ ನಡೆದ ಅಂಥ ಶಸ್ತ್ರಕ್ರಿಯೆಯ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಯುರೋಪಿನ ಸರ್ಜನ್ನರು ಅದರತ್ತ ತಿರುಗಿದ್ದು.

ಮೊದಲೇ ಹಣೆಯ ಚರ್ಮ ತಂದು ಮುಚ್ಚಿದ್ದರೆ ಉಳಿದ ರೋಗ ಅದರ ಅಡಿಯಲ್ಲಿ ಅಡಗಿರುತ್ತಿತ್ತು, ಅಂಚಿನ ಲೆಕ್ಕವೂ ಕಲಸಿಹೋಗುತ್ತಿತ್ತು. ಆದ್ದರಿಂದ ಮುಖದ ಅಪಾಯದ ಜಾಗದಲ್ಲಿ ದೊಡ್ಡ ಜೋಡಣೆ ಮಾಡುವುದಿದ್ದರೆ ‘ವರದಿ ನೋಡಿ ಮುಚ್ಚಬಹುದೇ?’ ಎಂದು ಕೇಳಿ. ನೇರವಾಗಿ ಹೊಲಿದು ಮುಚ್ಚುವ ಚಿಕ್ಕ ಗಾಯಕ್ಕೆ ಇದು ಬೇಕಿಲ್ಲ.

ಪಾಸಿಟಿವ್ ಬಂದರೆ ಎದೆಗುಂದಬೇಡಿ, ಮನೆಗೂ ಹೋಗಬೇಡಿ. ‘ನೋಡೋಣ, ಮತ್ತೆ ಬಂದರೆ ತೆಗೆದರಾಯಿತು’ ಎಂಬ ಮಾತಿಗೆ ಒಪ್ಪುವ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಿರಿ. ಉಳಿದ ಬೇಸಲ್ ಸೆಲ್ ಎಲ್ಲವೂ ಮರುಕಳಿಸುವುದಿಲ್ಲ ಎಂಬುದು ನಿಜ, ತೀರ ವಯಸ್ಸಾದವರಲ್ಲಿ ಕಾಯುವುದೂ ಒಂದು ನಿರ್ಧಾರವೇ. ಆದರೆ ಸ್ಕ್ವೇಮಸ್ ಸೆಲ್ ಮತ್ತು ಮೆಲನೋಮಾದಲ್ಲಿ ಕಾಯುವ ಮಾತೇ ಇಲ್ಲ. ಮತ್ತೆ ಕತ್ತರಿಸುವುದು ಮೊದಲ ದಾರಿ. ಅದು ಆಗದಿದ್ದರೆ, ಮೆಲನೋಮಾ ಬಿಟ್ಟು ಉಳಿದೆರಡಕ್ಕೆ ವಿಕಿರಣ ಚಿಕಿತ್ಸೆ ಇದೆ.

ವರದಿಯ ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ, ಮೊಬೈಲಿನಲ್ಲಿ ಫೋಟೊ ಇರಲಿ, ಮಕ್ಕಳ ಮೊಬೈಲಿನಲ್ಲೂ ಇರಲಿ. ತುಂಡಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡ್ ಮತ್ತು ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಲ್ಯಾಬಿನಲ್ಲಿ ಇರುತ್ತವೆ. ಬೇರೆ ಆಸ್ಪತ್ರೆಗೆ ಹೋಗುವಾಗ ಅವನ್ನೂ ಕೇಳಿ ಪಡೆಯಬಹುದು.

ಮರುಕಳಿಸುವುದಿದ್ದರೆ ಹೆಚ್ಚಿನವು ಮೊದಲ ಎರಡು ಮೂರು ವರ್ಷಗಳಲ್ಲಿ ಬರುತ್ತವೆ. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ. ನಡುವೆ ಮನೆಯಲ್ಲಿ ತಿಂಗಳಿಗೊಮ್ಮೆ ಬೆಳಗಿನ ಬೆಳಕಿನಲ್ಲಿ ಜಗುಲಿಗೆ ಕೂರಿಸಿ ಗಾಯದ ಗುರುತಿನ ಉದ್ದಕ್ಕೂ ಬೆರಳು ಒತ್ತಿ ಸವರಿ. ಮೆತ್ತಗಿದ್ದ ಕಡೆ ಗಟ್ಟಿಯಾಯಿತೇ, ಹೊಸ ಹಕ್ಕಳೆ ಕಟ್ಟಿತೇ, ಬಣ್ಣ ತಿರುಗಿತೇ ನೋಡಿ. ಸ್ಕ್ವೇಮಸ್ ಸೆಲ್ ಮತ್ತು ಮೆಲನೋಮಾ ಆದವರಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಂಟು ಇದೆಯೇ ಎಂದೂ ಮುಟ್ಟಿ ನೋಡಿ. ಮೈಯ ಉಳಿದ ಕಡೆಯೂ ಕಣ್ಣು ಹಾಯಿಸಿ, ಒಮ್ಮೆ ಆದವರಿಗೆ ಇನ್ನೊಂದು ಜಾಗದಲ್ಲಿ ಹೊಸದು ಹುಟ್ಟುವ ಸಂಭವ ಇತರರಿಗಿಂತ ಹೆಚ್ಚು.

ಅಣ್ಣನ ಮೂಗಿನ ಮೇಲೆ ಈಗ ಸ್ವಲ್ಪ ಬೇರೆ ಬಣ್ಣದ ಚರ್ಮವಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಅಂಕೋಲೆಯ ನನ್ನ ಮನೆಗೆ ಬಂದು, ಅಗಲ ಅಂಚಿನ ಟೊಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲ ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳುತ್ತಾನೆ. ಕಳೆದ ವಾರವೂ ಬಂದಿದ್ದ. ಗುರುತಿನ ಮೇಲಿನಿಂದ ಕೆಳಗಿನವರೆಗೆ ಮೆತ್ತಗಿತ್ತು.